ಜೊತೆಗಾರರ ಪಾಲಿನ ದಾರಿಯನ್ನೂ ನಡೆದ ಫಾಹಿಯಾನ್

ನಮ್ಮ ಭಾಗದವರಿಗೆ ದೂರದ ನಡಿಗೆ ಹೊಸದಲ್ಲ. ತುಳಜಾಪುರಕ್ಕೆ, ಪಂಢರಪುರಕ್ಕೆ ನಡೆದು ಹೋಗುವವರನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ನಾವೆಲ್ಲ ನೋಡುತ್ತಲೇ ಬೆಳೆದಿದ್ದೇವೆ. ಹರಕೆ ತೀರಿಸಲು ನಡೆಯುವುದು ಒಂದು. ತೀರಿಹೋದವರ ಕೆಲಸವನ್ನು ಮುಗಿಸಲು ನಡೆಯುವುದು ಇನ್ನೊಂದು. ಈ ಎರಡನೆಯ ನಡಿಗೆಯನ್ನು ನಡೆದ ಒಬ್ಬ ಭಿಕ್ಖುವಿನ ಬದುಕನ್ನು ಇಂದು ನೆನೆಯೋಣ. ಶಾಲೆಯ ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿ ಮರೆತ ಹೆಸರು ಅದು: ಫಾಹಿಯಾನ್.

ಫಾಹಿಯಾನ್ ಹುಟ್ಟಿದ್ದು ಚೀನಾದ ಇಂದಿನ ಶಾನ್ಸಿ ಪ್ರಾಂತ್ಯದಲ್ಲಿ, ಸುಮಾರು ಕ್ರಿ.ಶ. 337ರಲ್ಲಿ. ಅವನಿಗಿಂತ ಮೊದಲು ಹುಟ್ಟಿದ ಮೂವರು ಅಣ್ಣಂದಿರು ಎಳೆವಯಸ್ಸಿನಲ್ಲೇ ತೀರಿಕೊಂಡಿದ್ದರು. ಇವನಾದರೂ ಉಳಿಯಲಿ ಎಂದು ತಂದೆ ಮೂರು ವರ್ಷದ ಮಗುವನ್ನೇ ಸಾಮಣೇರನನ್ನಾಗಿ ಮಾಡಿದ. ಹತ್ತು ವರ್ಷ ತುಂಬುವಾಗ ತಂದೆ ಹೋದ. ಕೆಲಕಾಲದಲ್ಲೇ ತಾಯಿಯೂ ಹೋದಳು. ಹುಡುಗ ಮನೆಗೆ ಬಂದು ತಾಯಿಯನ್ನು ಮಣ್ಣು ಮಾಡಿ ಮತ್ತೆ ವಿಹಾರಕ್ಕೆ ಮರಳಿದ. ಅಗಲಿಕೆಯ ಪಾಠ ಅವನಿಗೆ ಅಕ್ಷರದ ಪಾಠಕ್ಕಿಂತ ಮೊದಲೇ ಆಗಿತ್ತು.

ಚೀನಾದಲ್ಲಿ ಆಗ ವಿನಯದ ಗ್ರಂಥಗಳು ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಸಂಘ ಬೆಳೆಯುತ್ತಿತ್ತು, ಆದರೆ ಸಂಘ ಹೇಗೆ ಬಾಳಬೇಕೆಂಬ ನಿಯಮ ಹರಿದುಹೋದ ಪುಸ್ತಕದಂತಿತ್ತು. ಇದು ಫಾಹಿಯಾನನನ್ನು ಕಾಡಿತು. ಕ್ರಿ.ಶ. 399ರಲ್ಲಿ, ವಯಸ್ಸು ಅರವತ್ತರ ಆಸುಪಾಸಿನಲ್ಲಿದ್ದಾಗ, ನಾಲ್ವರು ಜೊತೆಗಾರರೊಂದಿಗೆ ಅವನು ಚಾಂಗಾನ್ ನಗರದಿಂದ ಭಾರತದ ಕಡೆ ಹೊರಟ. ದಾರಿಯಲ್ಲಿ ಇನ್ನೂ ಕೆಲವರು ಕೂಡಿಕೊಂಡರು.

ಮೊದಲು ಮರುಭೂಮಿ. ಮೇಲೆ ಹಕ್ಕಿಯಿಲ್ಲ, ಕೆಳಗೆ ಪ್ರಾಣಿಯಿಲ್ಲ. ಮೊದಲು ಹೋಗಿ ಸತ್ತವರ ಎಲುಬುಗಳೇ ದಾರಿಯ ಗುರುತು. ಹದಿನೇಳು ದಿನ ಹೀಗೆ ನಡೆದರು. ಮುಂದೆ ಗುಂಪು ಕರಗುತ್ತಾ ಬಂತು. ಕೆಲವರು ಹಿಂದಿರುಗಿದರು. ಒಬ್ಬ ಕಾಶ್ಮೀರದ ಕಡೆ ಹೋದ. ಒಬ್ಬ ಪೇಶಾವರದಲ್ಲಿ ತೀರಿಕೊಂಡ. ಕೊನೆಗೆ ಉಳಿದವರು ಮೂವರೇ.

ಆ ಮೂವರು ಇಂದಿನ ಅಫ್ಘಾನಿಸ್ತಾನದ ಹಿಮಬೆಟ್ಟ ದಾಟುವಾಗ ಕೊರೆಯುವ ಗಾಳಿ ಬೀಸಿತು. ಹುಯಿಜಿಂಗ್ ಎಂಬ ಗೆಳೆಯನ ಬಾಯಲ್ಲಿ ಬಿಳಿ ನೊರೆ ಬಂತು. ತಾನು ಬದುಕುವುದಿಲ್ಲ, ನನಗಾಗಿ ನಿಂತು ನೀವೂ ಸಾಯಬೇಡಿ, ಮುಂದೆ ನಡೆಯಿರಿ ಎಂದು ತಿಳಿಸಿ ಅವನು ಪ್ರಾಣ ಬಿಟ್ಟ. ಫಾಹಿಯಾನ್ ಆ ದೇಹವನ್ನು ಸವರಿ ಸವರಿ ಅತ್ತ. ಹೊರಟ ಉದ್ದೇಶ ಈಡೇರಲಿಲ್ಲವಲ್ಲ, ಇದೂ ವಿಧಿಯೇ ಎಂದು ಮರುಗಿದ. ಆಮೇಲೆ ಎದ್ದು ನಡೆದ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭಿಕ್ಖು ಅಳಬಾರದು ಎಂದು ಅವನು ಅಂದುಕೊಳ್ಳಲಿಲ್ಲ. ಅತ್ತ ಮೇಲೆ ನಡೆಯಬಾರದು ಎಂದೂ ಅಂದುಕೊಳ್ಳಲಿಲ್ಲ.

ಶ್ರಾವಸ್ತಿಯ ಜೇತವನ ತಲುಪಿದಾಗ ಅವನಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಜೊತೆಗೆ ಹೊರಟವರಲ್ಲಿ ಕೆಲವರು ಮರಳಿದ್ದರು, ಕೆಲವರು ಇರಲೇ ಇಲ್ಲ. ಬುದ್ಧರು ವರ್ಷಗಟ್ಟಲೆ ಇದ್ದ ಆ ಜಾಗವೂ ಖಾಲಿಯಾಗಿತ್ತು. ರಾಜಗೃಹದ ಗೃಧ್ರಕೂಟ ಬೆಟ್ಟ ಹತ್ತಿ, ಹೂವು, ಧೂಪ, ದೀಪ ಇಟ್ಟು, ತಾನು ತಡವಾಗಿ ಹುಟ್ಟಿದೆನೆಂದು ಕಣ್ಣೀರು ಹಾಕಿ, ಸೂತ್ರ ಪಠಿಸುತ್ತಾ ಇಡೀ ರಾತ್ರಿ ಅಲ್ಲೇ ಕಳೆದ.

ಉತ್ತರ ಭಾರತದಲ್ಲಿ ವಿನಯ ಬಾಯಿಂದ ಬಾಯಿಗೆ ಸಾಗುತ್ತಿತ್ತು. ಬರೆದ ಪ್ರತಿ ಸಿಕ್ಕಿದ್ದು ಪಾಟಲಿಪುತ್ರದಲ್ಲಿ. ಆ ವಯಸ್ಸಿನಲ್ಲಿ ಮೂರು ವರ್ಷ ಕುಳಿತು ಭಾಷೆ ಕಲಿತ, ಗ್ರಂಥ ನಕಲು ಮಾಡಿದ. ಉಳಿದಿದ್ದ ಒಬ್ಬನೇ ಒಬ್ಬ ಜೊತೆಗಾರ ದಾವೋಝೆಂಗ್ ಅಲ್ಲಿನ ಸಂಘದ ಶಿಸ್ತನ್ನು ಕಂಡು ಇಲ್ಲೇ ಇರುವೆನೆಂದು ನಿಂತುಬಿಟ್ಟ. ಫಾಹಿಯಾನನಿಗೂ ಅದೇ ಸುಖವಾಗಿತ್ತು. ಆದರೆ ಗ್ರಂಥ ತನ್ನ ಜನಕ್ಕೆ ತಲುಪಬೇಕಿತ್ತು. ಒಬ್ಬನೇ ಹೊರಟ.

ನಮ್ಮ ದಕ್ಖನ್ ಕಡೆ ಅವನು ಬರಲಿಲ್ಲ. ಇಲ್ಲಿ ಬಂಡೆಯಲ್ಲಿ ಕೊರೆದ ದೊಡ್ಡ ವಿಹಾರವಿದೆ ಎಂದು ಕೇಳಿದ್ದ. ದಾರಿ ಕಠಿಣ, ಕಾವಲಿಗಾಗಿ ರಾಜನಿಗೆ ಹಣ ಕೊಡಬೇಕು, ಹಾಗಾಗಿ ಹೋಗಲಾಗಲಿಲ್ಲ ಎಂದು ಬರೆದಿಟ್ಟ. ಬಂದಿದ್ದರೆ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಯ ಸ್ತೂಪವನ್ನೂ ಅವನು ನೋಡುತ್ತಿದ್ದನೇನೋ. ಕಾಣದ್ದನ್ನು ಕಂಡೆನೆನ್ನದ ಅವನ ಈ ಗುಣ ನಮಗೆ ಬೇಕಾದದ್ದು.

ಕಂಡದ್ದನ್ನೂ ಅವನು ಮುಚ್ಚಿಡಲಿಲ್ಲ. ಮಧ್ಯದೇಶದಲ್ಲಿ ಚಂಡಾಲರು ಊರ ಹೊರಗೆ ಇರಬೇಕು, ಪೇಟೆಗೆ ಬಂದರೆ ಮರದ ತುಂಡು ಬಡಿದು ಸದ್ದು ಮಾಡಬೇಕು, ಜನ ದೂರ ಸರಿಯುತ್ತಾರೆ ಎಂದು ದಾಖಲಿಸಿದ. ಇಡೀ ದೇಶದ ಸುಖ ಶಾಂತಿಯನ್ನು ಹೊಗಳಿದ ಪುಟದಲ್ಲೇ ಈ ಮಾತೂ ಇದೆ. ಒಂದೂವರೆ ಸಾವಿರ ವರ್ಷದ ಮೇಲೆ, ಅಸ್ಪೃಶ್ಯರು ಯಾರು ಎಂದು ಹುಡುಕುತ್ತಾ 1948ರಲ್ಲಿ ಪುಸ್ತಕ ಪ್ರಕಟಿಸಿದ ಬಾಬಾಸಾಹೇಬರು ಫಾಹಿಯಾನನ ಈ ಸಾಕ್ಷ್ಯವನ್ನು ಎದುರಿಗಿಟ್ಟುಕೊಂಡು ತೂಗಿ ನೋಡಿದರು. ಅದೊಂದನ್ನೇ ಕೊನೆಯ ಮಾತೆಂದು ಒಪ್ಪಿಕೊಳ್ಳಲೂ ಇಲ್ಲ. ಒಬ್ಬಂಟಿ ಮುದುಕ ಹೊತ್ತು ತಂದ ಬರಹ ನಮ್ಮ ವಿಮೋಚನೆಯ ವಾದದ ವರೆಗೆ ನಡೆದು ಬಂತು.

ಹಡಗು ಹತ್ತಿ ಸಿಂಹಳಕ್ಕೆ ಹೋದ. ಅಭಯಗಿರಿ ವಿಹಾರದಲ್ಲಿ ಬುದ್ಧಮೂರ್ತಿಯ ಮುಂದೆ ಒಬ್ಬ ವರ್ತಕ ಚೀನಾದ ಬಿಳಿ ರೇಷ್ಮೆ ಬೀಸಣಿಗೆಯನ್ನು ಅರ್ಪಿಸಿದ್ದು ಕಂಡಿತು. ವರ್ಷಗಳಿಂದ ತನ್ನ ನಾಡಿನ ಒಂದು ವಸ್ತುವನ್ನೂ ಕಾಣದ ಮನುಷ್ಯ. ಸುತ್ತ ಪರಿಚಯದ ಮುಖವಿಲ್ಲ, ಜೊತೆಗಾರರಿಲ್ಲ, ಇರುವುದು ತನ್ನ ನೆರಳೊಂದೇ. ಕಣ್ಣು ತುಂಬಿ ಬಂತು. ಆದರೂ ಎರಡು ವರ್ಷ ಅಲ್ಲಿದ್ದು, ಇನ್ನೊಂದು ವಿನಯ ಗ್ರಂಥವನ್ನೂ ಆಗಮಗಳನ್ನೂ ಸಂಪಾದಿಸಿಕೊಂಡೇ ಹೊರಟ.

ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ತನ್ನ ಹೂಜಿ, ಬೋಗುಣಿಯನ್ನು ನೀರಿಗೆ ಎಸೆದ. ಗ್ರಂಥಗಳನ್ನು ಬಿಡಲಿಲ್ಲ. ಮತ್ತೊಂದು ಹಡಗಿನಲ್ಲಿ, ಈ ಶ್ರಮಣನಿಂದಲೇ ಅನಿಷ್ಟ ಬಂತು, ದ್ವೀಪದಲ್ಲಿ ಇಳಿಸಿಬಿಡೋಣ ಎಂದು ಕೆಲವು ಬ್ರಾಹ್ಮಣರು ಹೇಳಿದರು. ಒಬ್ಬ ದಾನಿ ಅಡ್ಡ ನಿಂತು ಕಾಪಾಡಿದ. ಕ್ರಿ.ಶ. 412ರಲ್ಲಿ ಚೀನಾದ ದಡ ಮುಟ್ಟಿದ. ಊರಿನಲ್ಲಿ ವಿಶ್ರಮಿಸದೆ ಇಂದಿನ ನಾನ್‌ಜಿಂಗ್‌ಗೆ ಹೋಗಿ ಬುದ್ಧಭದ್ರರೊಂದಿಗೆ ಕುಳಿತು ಅನುವಾದಕ್ಕೆ ತೊಡಗಿದ. ಎಂಬತ್ತು ದಾಟಿದ ಮೇಲೆ ಜಿಂಗ್‌ಝೌ ವಿಹಾರದಲ್ಲಿ ಅವನ ನಡಿಗೆ ನಿಂತಿತು.

ಬಂಧುಗಳೇ, ನಮ್ಮ ಮನೆಯ ಕಥೆಯೂ ಇದಕ್ಕೆ ಹತ್ತಿರ. ಮಾತೆ ರಮಾಬಾಯಿಗೆ ಪಂಢರಪುರಕ್ಕೆ ಹೋಗುವ ಆಸೆಯಿತ್ತು. ಆಗ ನಮ್ಮವರನ್ನು ಒಳಗೆ ಬಿಡದಿದ್ದ ಗುಡಿ ಅದು. ಬಾಬಾಸಾಹೇಬರು ಬೇಡವೆಂದರು, ಬೇರೊಂದು ಪಂಢರಪುರವನ್ನೇ ಕಟ್ಟೋಣವೆಂದು ಸಮಾಧಾನ ಹೇಳಿದರು. ಅದನ್ನು ಕಾಣದೆ ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಆ ದಾರಿ ನಾಗಪುರದ ದೀಕ್ಷಾಭೂಮಿ ಮುಟ್ಟಿದ್ದು 1956ರ ಅಕ್ಟೋಬರ್ 14ರಂದು, ಇಪ್ಪತ್ತೊಂದು ವರ್ಷದ ಮೇಲೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಫೋಟೋಗೆ ಹಾರ ಹಾಕುತ್ತೇವೆ, ತ್ರಿಸರಣ ಪಂಚಶೀಲ ಹೇಳುತ್ತೇವೆ. ಅದು ಇರಲಿ. ಜೊತೆಗೆ ಇಂದು ಹೀಗೆ ಕೇಳಿಕೊಳ್ಳೋಣ: ಅವರು ಹೊರಟಿದ್ದ ದಾರಿ ಯಾವುದು, ಎಲ್ಲಿಗೆ ಬಂದು ನಿಂತಿದೆ? ಅಪ್ಪ ಓದಿಸಬೇಕೆಂದಿದ್ದ ತಂಗಿ, ಅವ್ವ ಬಿಡಿಸಬೇಕೆಂದಿದ್ದ ಕುಡಿತ, ಗೆಳೆಯ ಅರ್ಧಕ್ಕೆ ಬಿಟ್ಟ ವಿಹಾರದ ವಾಚನಾಲಯ, ಏನಾದರೂ ಇರುತ್ತದೆ. ಅಲ್ಲಿಂದ ಒಂದು ಹೆಜ್ಜೆ ಇಡೋಣ. ಅಳು ಬಂದರೆ ಅತ್ತು ನಡೆಯೋಣ. ಯಾರೂ ಜೊತೆಗೆ ಬರದಿದ್ದರೂ ನಡೆಯೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ. 🙏