ಶಾಸನದಲ್ಲಿ ವಂಶ, ಕಡತದಲ್ಲಿ ಮನೆತನ: ಬಿ.ಎಲ್. ರೈಸರ ಜೀವನ

ಗ್ರಂಥಾಲಯದಲ್ಲಿ ರೈಸ್ ಎಂಬ ಹೆಸರನ್ನು ಅರಸುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಒಬ್ಬರಲ್ಲ, ಮೂವರು ಎದುರಾಗುತ್ತಾರೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಸಂಪಾದಕರು ಬಿ.ಎಲ್. ರೈಸ್. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಇ.ಪಿ. ರೈಸ್. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ಇಬ್ಬರಲ್ಲಿ ಯಾರ ಹೆಸರಿನದೂ ಅಲ್ಲ. ಅದು ಇವರ ತಂದೆ ಬೆಂಜಮಿನ್ ಹೋಲ್ಟ್ ರೈಸರ ನೆನಪಿನದು. ತಂದೆಯೂ ಹಿರಿಯ ಮಗನೂ ಬೆಂಜಮಿನ್ ಎಂಬ ಒಂದೇ ಹೆಸರಿನವರಾದುದರಿಂದ ಒಬ್ಬರ ಕಾರ್ಯವನ್ನು ಇನ್ನೊಬ್ಬರಿಗೆ ಸಲ್ಲಿಸುವ ತಪ್ಪು ಸುಲಭವಾಗಿ ಆಗುತ್ತದೆ. ಮನೆತನದ ಚರಿತ್ರೆಯನ್ನು ದಾಖಲೆಗಳಿಂದ ಕಟ್ಟಹೊರಟವರಿಗೆ ಎದುರಾಗುವ ಮೊದಲ ತೊಡಕೇ ಇದು. ಗಂಗರು, ಕದಂಬರು, ಹೊಯ್ಸಳರು ಮೊದಲಾದ ಅರಸುಮನೆತನಗಳ ವಂಶಾವಳಿಯನ್ನು ಕಲ್ಲುಗಳಿಂದ ಬಿಡಿಸಿ ತೆಗೆದ ವಿದ್ವಾಂಸರ ಸ್ವಂತ ಮನೆತನವನ್ನೂ ಅದೇ ಎಚ್ಚರದಿಂದ ಅರಸಬೇಕಾಗಿರುವುದು ಗಮನಾರ್ಹ.

ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ತಂದೆ ರೈಸರು 1837ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಲೂಯಿಸ್ ರೈಸರು ಅಲ್ಲಿಯೇ ಹುಟ್ಟಿದರು. ತಂದೆಯವರು ಕನ್ನಡ ಕಲಿತು, ಶಾಲೆಗಳನ್ನು ನಡೆಸಿ, ಐವತ್ತು ವರ್ಷ ಅಲ್ಲಿ ದುಡಿದು 1887ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರ ಜೀವನಚರಿತ್ರೆಯನ್ನು ಮತ್ತೊಬ್ಬ ಮಗ ಎಡ್ವರ್ಡ್ ಪೀಟರ್ ರೈಸರು ಬರೆದರು. ಸಾಹಿತ್ಯ ಚರಿತ್ರೆಯ ಇ.ಪಿ. ರೈಸರು ಇವರೇ.

ಆ ಕಾಲದ ಯುರೋಪಿಯನ್ ಮನೆತನಗಳ ವಿವರಗಳು ಉಳಿದುಬಂದ ಬಗೆಯನ್ನು ಇಲ್ಲಿ ತಿಳಿಯಬೇಕು. ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳ ನೋಂದಣಿಯನ್ನು ನಕಲು ಮಾಡಿ ಮದ್ರಾಸಿನ ಮೂಲಕ ಲಂಡನ್ನಿಗೆ ಕಳುಹಿಸುತ್ತಿದ್ದರು. ಆ ನಕಲುಗಳು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮಿಷನ್ನಿಗೆ ಸೇರಿದ ಕುಟುಂಬಗಳ ಸಂಗತಿಗಳನ್ನು ಆಯಾ ಮಿಷನ್ನಿನ ಪತ್ರ, ವರದಿಗಳಲ್ಲಿಯೂ ಹುಡುಕಬೇಕು. ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಉದ್ಯೋಗ ಸಿಗುತ್ತವೆ. ತಾಯಿಯ ತವರುಮನೆಯ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಅದನ್ನು ಮದುವೆಯ ದಾಖಲೆಯಿಂದ ಪಡೆಯಬೇಕು. ಒಂದು ಕಡತ ಬಿಟ್ಟುದನ್ನು ಇನ್ನೊಂದು ಕಡತದಿಂದ ತುಂಬಿಕೊಳ್ಳುವುದೇ ಈ ಕೆಲಸದ ಕ್ರಮ.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಲೂಯಿಸ್ ರೈಸರು 1860ರಲ್ಲಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಸ್ಥರಾಗಿ ಮರಳಿದರು. ಅವರು ಮದುವೆಯಾದ ಮೇರಿ ಸೋಫಿಯಾ ಅವರು ಜಾನ್ ಗ್ಯಾರೆಟ್ಟರ ಮಗಳು. ಗ್ಯಾರೆಟ್ಟರು ಮೊದಲು ವೆಸ್ಲಿಯನ್ ಮಿಷನ್ನಿನಲ್ಲಿದ್ದು, ಅನಂತರ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಗೆ ಬಂದವರು. 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದವರು. ಈ ಮದುವೆಯಿಂದ ಕನ್ನಡದ ಶಾಲೆ, ಅಚ್ಚುಕೂಟ, ಗ್ರಂಥಸಂಪಾದನೆಗಳಲ್ಲಿ ತೊಡಗಿದ್ದ ಎರಡು ಮನೆಗಳು ಒಂದಾದವು. ಆಳುವವರ ಕಡೆಯ ಜನ ಇವರೆಂಬುದು ನಿಜ. ಇವರ ಬದುಕು ಕನ್ನಡದೊಡನೆ ಹೆಣೆದುಕೊಂಡಿದ್ದುದೂ ಅಷ್ಟೇ ನಿಜ.

ಶಾಲಾ ಇನ್‌ಸ್ಪೆಕ್ಟರಾಗಿ, ಮುಂದೆ ಮೈಸೂರು ಮತ್ತು ಕೊಡಗಿನ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ರೈಸರು ಹಳ್ಳಿಹಳ್ಳಿಗೆ ಸಂಚರಿಸಬೇಕಾಯಿತು. ಗುಡಿಯ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಕಲ್ಲುಗಳು ಅವರ ಕಣ್ಣಿಗೆ ಬಿದ್ದುದು ಈ ಸಂಚಾರಗಳಲ್ಲಿ. ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದುವ ಹೊಣೆ ಸರಕಾರದಿಂದ ಅವರಿಗೆ ಬಂದಿತು. ಅದರ ಫಲವಾಗಿ 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಹೊರಬಂದಿತು. ಅದಕ್ಕೆ ಮುನ್ನವೇ ಮೈಸೂರು, ಕೊಡಗುಗಳ ಗ್ಯಾಸೆಟಿಯರ್ ರಚನೆಯೂ ಅವರಿಂದ ನಡೆದಿತ್ತು. ಪ್ರಾಕ್ತನ ಸಂಶೋಧನೆಯ ಹೊಣೆಯನ್ನು ಹೊತ್ತ ಮೇಲೆ ಕೆಲಸ ಒಂದು ಕ್ರಮಕ್ಕೆ ಬಂದಿತು. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ 1905ರ ಹೊತ್ತಿಗೆ 12 ಸಂಪುಟಗಳಾಗಿ, ಸುಮಾರು 9000 ಶಾಸನಗಳನ್ನು ಒಳಗೊಂಡಿತು. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳೂ ಬೆಳಕಿಗೆ ಬಂದುದು ಅವರಿಂದಲೇ. ಇದರ ಜೊತೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕರ್ಣಾಟಕ ಭಾಷಾಭೂಷಣ, ಪಂಪಭಾರತ ಮೊದಲಾದ ಹಳಗನ್ನಡ ಕೃತಿಗಳು ಅಚ್ಚಾದವು. ಕವಿರಾಜಮಾರ್ಗವು ಕೆ.ಬಿ. ಪಾಠಕರ ಸಂಪಾದನೆಯಲ್ಲಿ 1898ರಲ್ಲಿ ಪ್ರಕಟವಾದುದು ಈ ಮಾಲೆಯಲ್ಲಿಯೇ.

ಅದೇ 1898ರಲ್ಲಿ ಬಂದ ನಾಲ್ಕನೆಯ ಸಂಪುಟವು ವಯನಾಡಿನ ಚರಿತ್ರೆಗೂ ಬೇಕಾದುದು. ವಯನಾಡಿಗೆ ತಗುಲಿಕೊಂಡಿರುವ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ ತಾಲೂಕುಗಳ ಶಾಸನಗಳು ಇದರಲ್ಲಿವೆ. ಈ ಕಲ್ಲುಗಳಲ್ಲಿ ಆ ನಾಡಿನ ಹೆಸರು ಬಯಲ್ನಾಡು. ಅಲ್ಲಿ ಕದಂಬ ಕುಲದ ಒಂದು ಶಾಖೆ ಆಳುತ್ತಿದ್ದುದನ್ನೂ ಅದರ ರಾಜಧಾನಿ ಕೀರ್ತಿಪುರವು ಕೋಟೆ ತಾಲೂಕಿನ ಕಿತ್ತೂರೇ ಎಂಬುದನ್ನೂ ರೈಸರು ಗುರುತಿಸಿದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಗಿರಿಯವರೆಗೆ ದಂಡೆತ್ತಿ ಹೋದುದನ್ನು ಹೇಳುವ 1117ರ ಚಾಮರಾಜನಗರದ ಶಾಸನವೂ ಈ ಸಂಪುಟದ್ದೇ. ಇಂದು ಕೇರಳದ ಜಿಲ್ಲೆಯಾಗಿರುವ ನಾಡಿನ ಹಳೆಯ ಆಡಳಿತದ ಕುರುಹುಗಳು ಕರ್ನಾಟಕದ ಹಳ್ಳಿಗಳಲ್ಲಿ, ಕನ್ನಡದಲ್ಲಿ ಉಳಿದಿವೆ. ಗಡಿಗಳು ಬದಲಾದರೂ ದಾಖಲೆಗಳು ತಾವು ಹುಟ್ಟಿದ ಕಡೆಯಲ್ಲಿಯೇ ಇರುತ್ತವೆ.

ಕೋಟೆ ತಾಲೂಕಿನ ಬೆಳತೂರಿನ 1057ರ ಶಾಸನವನ್ನು ಕನ್ನಡ ವಿದ್ಯಾರ್ಥಿಗಳು ಬಲ್ಲರು. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ನವಲೆನಾಡಿನ ಏಚನ ಹೆಂಡತಿ. ಗಂಡನಿಗೆ ತಲಕಾಡಿನಲ್ಲಿ ಮರಣದಂಡನೆಯಾದ ಸುದ್ದಿ ಕೇಳಿ, ಹೆತ್ತವರು ತಡೆದರೂ ನಿಲ್ಲದೆ ಆಕೆ ಬೆಂಕಿಗೆ ಬಿದ್ದಳು. ಈ ಒಂದು ಕಲ್ಲಿನಲ್ಲಿ ತವರುಮನೆ, ಗಂಡನ ಮನೆ, ಊರು, ಕಾಲ, ಶಾಸನ ರಚಿಸಿದ ಮಲ್ಲನೆಂಬ ಕವಿಯ ಹೆಸರು ಎಲ್ಲವೂ ಇವೆ. ಚರ್ಚಿನ ಪುಸ್ತಕಗಳು ಮರೆಯುತ್ತಿದ್ದ ತಾಯಿಯ ಮನೆತನವನ್ನು ಈ ಕಲ್ಲು ಮರೆತಿಲ್ಲ.

ಆದರೆ ದಾಖಲೆ ಇದ್ದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಈ ಪ್ರಶ್ನೆಯನ್ನು ರೈಸರು ತಮ್ಮ ಜೀವಿತದ ದೊಡ್ಡ ವಿವಾದದಲ್ಲಿ ಎದುರಿಸಿದರು. ತಾಮ್ರಪಟಗಳ ಆಧಾರದಿಂದ ಅವರು ಕಟ್ಟಿದ ತಲಕಾಡಿನ ಗಂಗರ ವಂಶಾವಳಿಯನ್ನು ಜೆ.ಎಫ್. ಫ್ಲೀಟರು ಒಪ್ಪಲಿಲ್ಲ. ಆ ಪಟಗಳಲ್ಲಿ ಅನೇಕವು ಅನಂತರದ ಕಾಲದಲ್ಲಿ ಸೃಷ್ಟಿಸಿದ ಕೂಟಶಾಸನಗಳೆಂದೂ, ಲಿಪಿಯೂ ತೇದಿಯೂ ಒಂದಕ್ಕೊಂದು ಹೊಂದುವುದಿಲ್ಲವೆಂದೂ ಅವರು ವಾದಿಸಿದರು. ರೈಸರು ತಮ್ಮ ಪಕ್ಷವನ್ನು ಬಿಡದೆ ಸಮರ್ಥಿಸಿಕೊಂಡರು. ಮುಂದಿನ ವಿದ್ವಾಂಸರು ಕೆಲವು ಪಟಗಳನ್ನು ಅಸಲಿಯೆಂದು ಉಳಿಸಿಕೊಂಡು ಕೆಲವನ್ನು ತಳ್ಳಿಹಾಕಿದರು. ಭೂಮಿಯ ಹಕ್ಕಿಗಾಗಿ ಪೂರ್ವಿಕರನ್ನು ಹಿಂದಕ್ಕೆ ಬೆಳೆಸುವ ಆಸೆ ಎಲ್ಲ ಕಾಲದ್ದು. ಆದ್ದರಿಂದ ವಂಶಾವಳಿಯನ್ನು ಹೇಳುವ ದಾಖಲೆಯನ್ನು ಓದುವಾಗ ಅದು ಯಾರ ಲಾಭಕ್ಕಾಗಿ, ಯಾವಾಗ ಬರೆಯಲ್ಪಟ್ಟಿತೆಂದು ಮೊದಲು ಕೇಳಬೇಕೆಂಬುದು ಈ ವಿವಾದ ಕಲಿಸಿದ ಪಾಠ.

ಬಯಲ್ನಾಡಿನ ಅರಸರನ್ನು ಗುರುತಿಸುವುದಕ್ಕೆ ಬೇಕಾದ ಈ ಶಿಸ್ತೇ ವಯನಾಡಿನ ತೋಟಗಾರ ಮನೆತನಗಳನ್ನು ಅರಸುವುದಕ್ಕೂ ಬೇಕು. 19ನೆಯ ಶತಮಾನದ ನಡುವಿನಲ್ಲಿ ಕಾಫಿಯನ್ನು ನೆಚ್ಚಿ ಬಂದ ಯುರೋಪಿಯನ್ನರು ಅಲ್ಲಿ ತೋಟ ಮಾಡಿದರು. 1880ರ ಸುಮಾರಿಗೆ ಪಂದಲೂರಿನ ಕಡೆ ಚಿನ್ನದ ಗಣಿಗಳ ಹುಚ್ಚು ಎದ್ದು ಬೇಗನೆ ಇಳಿಯಿತು. ಇದರ ನಡುವೆ, 1877ರಲ್ಲಿ, ಆಗ್ನೇಯ ವಯನಾಡು ಮಲಬಾರಿನಿಂದ ನೀಲಗಿರಿಗೆ ಸೇರಿತು. ಹಾಗಾಗಿ ಒಂದೇ ತೋಟದ ಕಾಗದಗಳು ಆ ವರ್ಷಕ್ಕೆ ಮುಂಚೆ ಒಂದು ಜಿಲ್ಲೆಯವು, ಅನಂತರ ಇನ್ನೊಂದು ಜಿಲ್ಲೆಯವು. ಮದ್ರಾಸಿನ ಅಸೈಲಂ ಪ್ರೆಸ್ಸಿನ ವಾರ್ಷಿಕ ಕೈಪಿಡಿಗಳಲ್ಲಿ ತೋಟಗಾರರ ಹೆಸರುಗಳಿವೆ. ಗೋರಿಗಳ ಬರಹಗಳನ್ನು ಜೆ.ಜೆ. ಕಾಟನ್ನರು 1905ರಲ್ಲಿ ಮದ್ರಾಸು ಪ್ರಾಂತಕ್ಕಾಗಿ ಪಟ್ಟಿಮಾಡಿ ಪ್ರಕಟಿಸಿದರು. ರೈಸರ ಸಂಪುಟಗಳು ಪೂರ್ಣಗೊಳ್ಳುತ್ತಿದ್ದ ಹೊತ್ತಿನಲ್ಲಿಯೇ ಆಳುವವರ ಕಲ್ಲುಗಳೂ ಹೀಗೆ ಗ್ರಂಥಸ್ಥವಾದವು.

ಇಷ್ಟು ದಾಖಲೆಗಳ ನಡುವೆಯೂ ಕಾಣದವರು ಇದ್ದಾರೆ. ವಯನಾಡಿನ ಗದ್ದೆ, ತೋಟಗಳಲ್ಲಿ ದುಡಿದ ಪಣಿಯರನ್ನು ವಳ್ಳಿಯೂರುಕಾವಿನ ಜಾತ್ರೆಯಲ್ಲಿ ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುವ ಪದ್ಧತಿ 20ನೆಯ ಶತಮಾನದವರೆಗೂ ಇತ್ತು. ಅವರ ತಂದೆತಾಯಿಗಳ ಹೆಸರನ್ನು ನಕಲು ಮಾಡಿ ಲಂಡನ್ನಿಗೆ ಕಳುಹಿಸಿದವರಿಲ್ಲ. ರೈಸರ ಕಾರ್ಯದಲ್ಲಿಯೂ ಇಂಥ ಮರೆವು ಇದೆ. ಬಿಸಿಲಿನಲ್ಲಿ ಕಲ್ಲು ತೊಳೆದು ಅಚ್ಚು ತೆಗೆದವರು, ಸವೆದ ಅಕ್ಷರಗಳನ್ನು ಕೂಡಿಸಿ ಓದಿದ ಪಂಡಿತರು ಹಲವರು. 1899ರಲ್ಲಿ ಇಲಾಖೆ ಸೇರಿ, 1906ರಲ್ಲಿ ರೈಸರು ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯಿಂದ ಪ್ರಸಿದ್ಧರಾದರು, ಉಳಿದ ಬಹುಮಂದಿಯ ಹೆಸರು ಸಂಪುಟದ ಮುಖಪುಟಕ್ಕೆ ಏರಲಿಲ್ಲ.

ನಿವೃತ್ತಿಯ ಅನಂತರ ರೈಸರು ಇಂಗ್ಲೆಂಡಿಗೆ ತೆರಳಿ, 1909ರಲ್ಲಿ ತಮ್ಮ ಶೋಧನೆಯ ಸಾರವನ್ನು ಒಂದು ಗ್ರಂಥದಲ್ಲಿ ಸಂಗ್ರಹಿಸಿದರು. 1927ರ ಜುಲೈಯಲ್ಲಿ ಹ್ಯಾರೋದಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ತುಂಬುವುದರಲ್ಲಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಮಗನ ಮರಣ ಇಂಗ್ಲೆಂಡಿನ ಕಡತದಲ್ಲಿ, ಇಂಗ್ಲೆಂಡಿನಲ್ಲಿ ಹುಟ್ಟಿದ ತಂದೆಯ ಮರಣ ಬೆಂಗಳೂರಿನ ಕಡತದಲ್ಲಿ ಸೇರಿಕೊಂಡಿತು. ಒಂದೇ ನಾಡಿನ ಕಾಗದಗಳನ್ನು ನೋಡಿ ತೃಪ್ತರಾದವರಿಗೆ ಈ ಮನೆತನ ಅರ್ಧ ಮಾತ್ರ ಸಿಗುತ್ತದೆ.

ರೈಸರ ಪಾಠಗಳಲ್ಲಿ ದೋಷಗಳಿದ್ದವು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕೃತ ಸಂಪುಟಗಳನ್ನು ತರಲಾರಂಭಿಸಿದಾಗ ಅನೇಕವು ತಿದ್ದಲ್ಪಟ್ಟವು; ಹೊಸ ಶಾಸನಗಳೂ ಸೇರಿದವು. ತಿದ್ದಲು ಸಾಧ್ಯವಾದುದು ಅವರು ಮೂಲಪಾಠವನ್ನು, ಊರಿನ ಹೆಸರನ್ನು, ಕಲ್ಲು ಇದ್ದ ಜಾಗವನ್ನು ಬರೆದಿಟ್ಟುದರಿಂದ. ತನ್ನ ತಪ್ಪನ್ನು ಮುಂದಿನವರು ಕಂಡುಹಿಡಿಯಲು ದಾರಿ ಬಿಟ್ಟು ಬರೆಯುವುದು ಸಂಶೋಧಕನ ಪ್ರಾಮಾಣಿಕತೆ. ಹಳಗನ್ನಡ ಓದಬಲ್ಲ ವಿದ್ಯಾರ್ಥಿಗೆ ಬಯಲ್ನಾಡಿನ ಕಲ್ಲುಗಳೂ ತೋಟಗಾರರ ಕಾಗದಗಳೂ ಸಮಾನವಾಗಿ ತೆರೆದಿವೆ. ಅವುಗಳಲ್ಲಿ ಹೆಸರಿರುವವರನ್ನು ಸರಿಯಾಗಿ ಗುರುತಿಸುವುದು ರೈಸರು ತೋರಿಸಿದ ಕೆಲಸ. ಹೆಸರಿಲ್ಲದೆ ದುಡಿದವರ ಕುರುಹನ್ನು ಅವೇ ಸಾಲುಗಳ ನಡುವೆ ಹುಡುಕುವುದು ಅವರು ನಮಗೆ ಉಳಿಸಿಹೋದ ಕೆಲಸ.