ತಾರೆಗಳ ಬಿರುಗಾಳಿಯನ್ನು ಅಳೆದ ವೈನು ಬಾಪು

ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಿಗೆ ಹೊಂದಿಕೊಂಡ ಗೌರಿಬಿದನೂರಿನ ಬಯಲಿನಲ್ಲಿ ಸಾಲು ಸಾಲು ಆಂಟೆನಾಗಳು ಆಕಾಶಕ್ಕೆ ಕಿವಿಗೊಟ್ಟು ನಿಂತಿವೆ. 1970ರ ದಶಕದಲ್ಲಿ ಈ ರೇಡಿಯೊ ವೀಕ್ಷಣಾಲಯವನ್ನು ಕಟ್ಟಿದ್ದು ಬೆಂಗಳೂರಿನ ಎರಡು ಸಂಸ್ಥೆಗಳು: ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಎರಡನೆಯದರ ಸ್ಥಾಪಕ ನಿರ್ದೇಶಕರೇ ಮನಾಲಿ ಕಲ್ಲತ್ ವೈನು ಬಾಪು.

ಬಾಪು ಜನಿಸಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದುದರಿಂದ ಮಗನಿಗೆ ದೂರದರ್ಶಕ ಬಾಲ್ಯದ ಒಡನಾಡಿಯಾಯಿತು. ಹಾರ್ವರ್ಡ್‌ನಲ್ಲಿ ವ್ಯಾಸಂಗಕ್ಕಿದ್ದಾಗ, 1949ರಲ್ಲಿ, ಧೂಮಕೇತುವೊಂದನ್ನು ಪತ್ತೆಹಚ್ಚಿದರು. ಅದು ಇಂದಿಗೂ ಬಾಪು-ಬಾಕ್-ನ್ಯೂಕರ್ಕ್ ಎಂಬ ಹೆಸರಿನಲ್ಲಿದೆ. 1957ರಲ್ಲಿ ಓಲಿನ್ ವಿಲ್ಸನ್ ಅವರೊಡನೆ, ರೋಹಿತದ ಕ್ಯಾಲ್ಸಿಯಂ ರೇಖೆಯ ಅಗಲದಿಂದಲೇ ತಾರೆಯ ನಿಜವಾದ ಪ್ರಕಾಶವನ್ನು ಅರಿಯುವ ವಿಧಾನವನ್ನು ತೋರಿಸಿಕೊಟ್ಟರು.

ಅವರ ಜೀವಮಾನದ ಆಸಕ್ತಿಗಳಲ್ಲಿ ವೋಲ್ಫ್-ರಾಯೆ ತಾರೆಗಳೂ ಸೇರಿದ್ದವು. ಈ ತಾರೆಗಳು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಅನಿಲವನ್ನು ಹೊರಚೆಲ್ಲುತ್ತವೆ. ನಮ್ಮತ್ತ ಬರುವ ಅನಿಲದ ಬೆಳಕು ನೀಲಿಯತ್ತಲೂ ದೂರ ಸರಿಯುವುದರದು ಕೆಂಪಿನತ್ತಲೂ ಜರುಗುವುದರಿಂದ ರೋಹಿತದ ರೇಖೆಗಳು ಹರವಾಗುತ್ತವೆ. ಆ ಹರವೇ ಗಾಳಿಯ ವೇಗದ ಅಳತೆ.

ಇದೇ ಅಳತೆಗೋಲು ಇಂದು ಗೆಲಾಕ್ಸಿಗಳ ಇತಿಹಾಸವನ್ನು ತಿಳಿಸುತ್ತಿದೆ. ಗೆಲಾಕ್ಸಿಯ ನಡುವಿನ ದೈತ್ಯ ಕೃಷ್ಣರಂಧ್ರವು ಅನಿಲವನ್ನು ಸೆಳೆಯುವಾಗ ಸುತ್ತಲಿನ ತಟ್ಟೆ ಕಾದು ಪ್ರಜ್ವಲಿಸುತ್ತದೆ. ಒಂದಷ್ಟು ಅನಿಲ ಬಿರುಗಾಳಿಯಾಗಿ ಹೊರನುಗ್ಗುತ್ತದೆ. ತಾರೆಗಳು ಹುಟ್ಟಬೇಕಾದರೆ ಅನಿಲ ತಣಿದು ಕುಗ್ಗಬೇಕು. ಬಿರುಗಾಳಿ ಅದನ್ನು ಕಾಯಿಸಿದರೆ ಅಥವಾ ಹೊರದೂಡಿದರೆ ಹೊಸ ತಾರೆಗಳ ಜನನ ಕುಂಠಿತವಾಗುತ್ತದೆ. ಕೆಲವೆಡೆ ಅದೇ ಗಾಳಿ ಅನಿಲವನ್ನು ಒತ್ತರಿಸಿ ತಾರೆಗಳ ಹುಟ್ಟಿಗೆ ನೆರವಾಗುವುದೂ ಉಂಟು. ಇಂಥ ಕೃಷ್ಣರಂಧ್ರಗಳಿಂದ ಚಿಮ್ಮುವ ಧಾರೆಗಳು ಬಲವಾದ ರೇಡಿಯೊ ಅಲೆಗಳನ್ನೂ ಸೂಸುತ್ತವೆ. ರೇಡಿಯೊ ಆಂಟೆನಾಗಳಿಗೆ ಆ ಅಲೆಗಳೂ ಕೇಳಿಸುತ್ತವೆ.

ಬಾಪು ಅವರ ಹಂಬಲ ಒಂದೇ ಆಗಿತ್ತು: ಭಾರತದ ಸಂಶೋಧಕರು ದೂರದರ್ಶಕಕ್ಕಾಗಿ ಹೊರದೇಶಗಳ ಬಾಗಿಲು ಕಾಯಬಾರದು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತ ಅವರು, ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯವನ್ನು ಕಟ್ಟಿದರು. 1972ರಲ್ಲಿ ಅಲ್ಲಿಗೆ 102 ಸೆಂ.ಮೀ. ದೂರದರ್ಶಕ ಬಂದಿತು. ಮುಂದಿನದು 234 ಸೆಂ.ಮೀ. ವ್ಯಾಸದ್ದು, ಭಾರತದಲ್ಲಿಯೇ ರೂಪುಗೊಳ್ಳಬೇಕೆಂಬುದು ಅವರ ಹಟ.

1979ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದ ಮೊದಲ ಭಾರತೀಯರೆಂಬ ಗೌರವ ಅವರದಾಯಿತು. ಆದರೆ 1982ರ ಆಗಸ್ಟ್ 19ರಂದು, ಹೃದಯ ಶಸ್ತ್ರಚಿಕಿತ್ಸೆಯ ಬಳಿಕ, ಮ್ಯೂನಿಕ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. 1986ರ ಜನವರಿಯಲ್ಲಿ ಕನಸಿನ ದೂರದರ್ಶಕ ಲೋಕಾರ್ಪಣೆಗೊಂಡಾಗ ಅದಕ್ಕೆ ಅವರದೇ ಹೆಸರಿಡಲಾಯಿತು. ಅದರೊಳಗಿಂದ ಆಕಾಶವನ್ನು ನೋಡುವ ಭಾಗ್ಯ ಮಾತ್ರ ಬಾಪು ಅವರಿಗೆ ಒದಗಲಿಲ್ಲ.