ಹಿಮದಲ್ಲಿ ಹಾದಿ ಕಂಡ ಯಂತ್ರಶಿಲ್ಪಿ: ಅರ್ಮಾಂ ಬೊಂಬಾರ್ಡಿಯೆ

ಬೊಂಬಾರ್ಡಿಯರ್ ಎಂಬ ಹೆಸರು ಮುಂಬಯಿ, ದಿಲ್ಲಿಗಳಲ್ಲಿ ನೆಲೆಸಿರುವ ನಮ್ಮವರಿಗೆ ಅಪರಿಚಿತವಲ್ಲ. 2015ರಿಂದ ಮುಂಬಯಿಯ ಉಪನಗರ ಮಾರ್ಗದಲ್ಲಿ ಓಡತೊಡಗಿದ ಹೊಸ ಗಾಡಿಗಳನ್ನು ಪ್ರಯಾಣಿಕರು ಆ ಹೆಸರಿನಿಂದಲೇ ಗುರುತಿಸಿದರು. ಬೋಗಿಗಳು ಚೆನ್ನೈಯ ಪೆರಂಬೂರು ಕಾರ್ಖಾನೆಯವು. ಅವುಗಳನ್ನು ಓಡಿಸುವ ವಿದ್ಯುತ್ ಸಾಮಗ್ರಿ ಬೊಂಬಾರ್ಡಿಯರ್ ಕಂಪೆನಿಯದು. ದಿಲ್ಲಿ ಮೆಟ್ರೋದ ಅನೇಕ ಬೋಗಿಗಳು ಗುಜರಾತಿನ ಸಾವ್ಲಿಯಲ್ಲಿ ಅದೇ ಕಂಪೆನಿ ತೆರೆದ ಕಾರ್ಖಾನೆಯಲ್ಲಿ ಸಿದ್ಧವಾದವು. 2021ರಲ್ಲಿ ಕಂಪೆನಿಯ ರೈಲು ವಿಭಾಗವು ಫ್ರಾನ್ಸಿನ ಆಲ್‌ಸ್ಟಾಮ್ ಸಂಸ್ಥೆಯ ಕೈಸೇರಿತು.

ಆದರೆ ಈ ಹೆಸರಿನ ಮೂಲಪುರುಷರು ರೈಲನ್ನು ಕಟ್ಟಿದವರಲ್ಲ. ಅವರು ಕೆನಡಾ ದೇಶದ ಒಂದು ಹಳ್ಳಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ರಸ್ತೆಯೇ ಇಲ್ಲದ ನೆಲದ ಮೇಲೆ ಓಡಬಲ್ಲ ವಾಹನವೊಂದನ್ನು ತಮ್ಮ ಗ್ಯಾರೇಜಿನಲ್ಲಿ ತಾವೇ ಕಟ್ಟಿದರು. ಆ ನಾಡಿನಲ್ಲಿ ಅವರ ಹೆಸರಿನ ಉಚ್ಚಾರ ಜೋಸೆಫ್-ಅರ್ಮಾಂ ಬೊಂಬಾರ್ಡಿಯೆ.

ಗಡಿಯಾರ ಬಿಚ್ಚಿದ ಹುಡುಗ

ಕೆನಡಾದ ಕ್ವಿಬೆಕ್ ಪ್ರಾಂತವು ಫ್ರೆಂಚ್ ಭಾಷೆಯನ್ನಾಡುವ ನಾಡು. ಅಲ್ಲಿನ ವಾಲ್ಕೂರ್ ಎಂಬ ಹಳ್ಳಿಯಲ್ಲಿ 1907ನೆಯ ಇಸವಿ ಏಪ್ರಿಲ್ 16ರಂದು ಅರ್ಮಾಂ ಜನಿಸಿದನು. ತಂದೆ ಆಲ್ಫ್ರೆಡ್ ಬೇಸಾಯಗಾರ. ಮುಂದೆ ಊರಿನಲ್ಲಿ ಜೀನಸಿನ ಅಂಗಡಿ ಇಟ್ಟವರು. ತಾಯಿ ಆನಾ ಗ್ರಾವೆಲ್. ಎಂಟು ಮಕ್ಕಳಲ್ಲಿ ಅರ್ಮಾಂ ಹಿರಿಯವನು.

ಆ ಸೀಮೆಯ ಚಳಿಗಾಲವನ್ನು ನಾವು ಊಹಿಸಿಕೊಳ್ಳುವುದು ಕಷ್ಟ. ಡಿಸೆಂಬರದಲ್ಲಿ ಬಿದ್ದ ಹಿಮ ಏಪ್ರಿಲ್ ಬರುವವರೆಗೂ ಕರಗದು. ಅರ್ಮಾಂ ಹುಡುಗನಾಗಿದ್ದಾಗ ಹಳ್ಳಿಗಳ ರಸ್ತೆಯ ಹಿಮವನ್ನು ತೆಗೆಯುವ ಏರ್ಪಾಡು ಇರಲಿಲ್ಲ. ಕಾರುಳ್ಳವರು ಅದನ್ನು ಚಳಿಗಾಲದುದ್ದಕ್ಕೂ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುತ್ತಿದ್ದರು. ಕುದುರೆ ಎಳೆಯುವ ಜಾರುಬಂಡಿಯೊಂದೇ ಗತಿ. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತಾಗ ಆಚೆ ದಡದ ಮನೆಗಳ ಪಾಡೇನೆಂಬುದನ್ನು ಬಲ್ಲ ಕರಾವಳಿ, ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು. ಅಲ್ಲಿ ಹೊಳೆಗೆ ಬದಲಾಗಿ ಹಿಮ. ಅದೂ ನಾಲ್ಕು ತಿಂಗಳು.

ಬಾಲಕ ಅರ್ಮಾಂನಿಗೆ ಯಂತ್ರವೆಂದರೆ ಪ್ರಾಣ. ಕೆಟ್ಟ ಗಡಿಯಾರಗಳನ್ನು ಬಿಚ್ಚಿ, ಅವುಗಳ ಸ್ಪ್ರಿಂಗು, ಹಲ್ಲುಚಕ್ರಗಳಿಂದ ತಾನಾಗಿ ಓಡುವ ಆಟಿಕೆಗಳನ್ನು ಮಾಡಿ ತಮ್ಮತಂಗಿಯರಿಗೆ ಕೊಡುತ್ತಿದ್ದನು. ಮಗ ಪಾದ್ರಿಯಾಗಬೇಕೆಂಬುದು ತಂದೆತಾಯಿಗಳ ಬಯಕೆ. ಅದಕ್ಕೆಂದೇ ಶೆರ್ಬ್ರೂಕ್ ಪಟ್ಟಣದ ಧಾರ್ಮಿಕ ವಿದ್ಯಾಲಯಕ್ಕೆ ಸೇರಿಸಿದರು. ಹುಡುಗನ ಮನಸ್ಸು ಮಾತ್ರ ಗ್ರಂಥಗಳಲ್ಲಿ ನಿಲ್ಲಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ ತಂದೆ ಅವನಿಗೊಂದು ಹಳೆಯ ಫೋರ್ಡ್ ಎಂಜಿನು ಕೊಟ್ಟರು. ಅರ್ಮಾಂ ಅದನ್ನು ರಿಪೇರಿ ಮಾಡಿ ಒಂದು ಜಾರುಬಂಡಿಯ ಮೇಲೆ ಕೂರಿಸಿದನು. ಹಿಂಭಾಗದಲ್ಲಿ ವಿಮಾನಕ್ಕಿರುವಂತಹ ಮರದ ಪಂಖವೊಂದನ್ನು ಜೋಡಿಸಿದನು. 1922ರ ಡಿಸೆಂಬರ್ 31ರಂದು, ನೆಂಟರಿಷ್ಟರು ಹೊಸವರ್ಷಕ್ಕೆ ಕೂಡುವ ಹೊತ್ತಿನಲ್ಲಿ, ಆ ವಿಚಿತ್ರ ವಾಹನ ಕೊಟ್ಟಿಗೆಯಿಂದ ಹೊರಬಿದ್ದಿತು. ಎಂಜಿನಿನ ಹೊಣೆ ಅರ್ಮಾಂನದು. ಬಂಡಿಯ ದಿಕ್ಕು ತಿರುಗಿಸುವ ಕೆಲಸ ತಮ್ಮ ಲಿಯೋಪೋಲ್ಡನದು. ಊರ ಬೀದಿಯಲ್ಲಿ ಭೋರ್ಗರೆಯುತ್ತ ಬಂಡಿ ಓಡಿದ್ದು ನಿಜ. ಆದರೆ ಮಕ್ಕಳ ಬೆನ್ನ ಹಿಂದೆಯೇ ಯಾವ ಮರೆಯೂ ಇಲ್ಲದೆ ತಿರುಗುತ್ತಿದ್ದ ಪಂಖವನ್ನು ಕಂಡ ತಂದೆ ಹೌಹಾರಿದರು. ಬಂಡಿಯನ್ನು ಅಂದೇ ಬಿಚ್ಚಿ ಹಾಕುವಂತೆ ಅಪ್ಪಣೆಯಾಯಿತು. ಅಷ್ಟಾದರೂ ಹಿಮದ ಮೇಲೆ ಎಂಜಿನಿನ ಬಲದಿಂದ ಸಾಗಬಹುದೆಂಬುದು ಹುಡುಗನಿಗೆ ಖಚಿತವಾಗಿತ್ತು.

ದುಡಿಮೆ, ಕಲಿಕೆ

1924ರಲ್ಲಿ ಹದಿನೇಳರ ಅರ್ಮಾಂ ತಂದೆಯನ್ನು ಒಪ್ಪಿಸಿ ವಿದ್ಯಾಲಯ ಬಿಟ್ಟನು. ಮೊದಲು ಸಮೀಪದ ಊರಿನ ಗ್ಯಾರೇಜೊಂದರಲ್ಲಿ ಉಮೇದುವಾರ. ಆಮೇಲೆ ಮಾಂಟ್ರಿಯಲ್ ಮಹಾನಗರದಲ್ಲಿ ಮೆಕ್ಯಾನಿಕ್. ಹಗಲು ಗ್ಯಾರೇಜಿನಲ್ಲಿ ದುಡಿತ, ಸಂಜೆ ಯಂತ್ರವಿದ್ಯೆ ಮತ್ತು ವಿದ್ಯುತ್ ವಿಷಯದ ಪಾಠ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಮುಂಬಯಿ ಕನ್ನಡಿಗರಿಗೆ ಈ ಬಗೆಯ ವಿದ್ಯಾಭ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

1926ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅರ್ಮಾಂ ಹುಟ್ಟೂರಿಗೆ ಮರಳಿ ಸ್ವಂತ ಗ್ಯಾರೇಜು ತೆರೆದರು. ಬಂಡವಾಳ ತಂದೆಯದು, ಸಾಲದ ರೂಪದಲ್ಲಿ. ಅದನ್ನು ಅವರು ಮೂರೇ ವರ್ಷದಲ್ಲಿ ತೀರಿಸಿದರು. ಗ್ಯಾರೇಜಿನ ಮಗ್ಗುಲಲ್ಲಿ ಹರಿಯುತ್ತಿದ್ದ ತೊರೆಗೆ ಒಡ್ಡು ಕಟ್ಟಿ, ನೀರಿನ ಬಲದಿಂದ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಂಡರು. ಪೇಟೆಯಿಂದ ತರಲಾಗದ ಉಪಕರಣಗಳನ್ನು ಕೈಯಾರೆ ಮಾಡಿಕೊಂಡರು. 1929ರಲ್ಲಿ ಈವಾನ್ ಲಾಬ್ರೆಕ್ ಎಂಬ ಕನ್ಯೆಯೊಡನೆ ವಿವಾಹವಾಯಿತು.

ಬೇಸಗೆಯಲ್ಲಿ ಕಾರುಗಳ ರಿಪೇರಿಯಿಂದ ಸಂಪಾದನೆ. ಚಳಿಗಾಲದಲ್ಲಿ ಕಾರುಗಳೇ ಓಡದ ಕಾರಣ ಕೈತುಂಬ ಬಿಡುವು. ಆ ಬಿಡುವನ್ನೆಲ್ಲ ಹಿಮವಾಹನಕ್ಕೆ ಮುಡಿಪಿಟ್ಟರು. ಹಳೆಯ ಕಾರುಗಳನ್ನು ಬಿಚ್ಚಿ, ಮಾರ್ಪಡಿಸಿ, ಹಿಮದ ಮೇಲೆ ಓಡಿಸಿ ನೋಡುವುದು. ಕೆಟ್ಟರೆ ಮತ್ತೆ ಬಿಚ್ಚುವುದು. ಸುಮಾರು ಹತ್ತು ಚಳಿಗಾಲಗಳು ಹೀಗೆ ಉರುಳಿದವು.

ಇಂಥ ಯತ್ನಕ್ಕೆ ಕೈಹಾಕಿದವರಲ್ಲಿ ಅವರೇ ಮೊದಲಿಗರಲ್ಲ. ಅಮೆರಿಕದ ವರ್ಜಿಲ್ ವೈಟ್ ಎಂಬವರು ಫೋರ್ಡ್ ಕಾರಿಗೆ ಮುಂದೆ ಜಾರುಹಲಗೆ, ಹಿಂದೆ ಪಟ್ಟೆ ತೊಡಿಸುವ ಸಾಧನವನ್ನು ಆ ಮೊದಲೇ ಮಾರುತ್ತಿದ್ದರು. ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಯಂತ್ರಜ್ಞರು ರಷ್ಯದ ಚಕ್ರವರ್ತಿಯ ಕಾರುಗಳಿಗೆ ಪಟ್ಟೆ ಜೋಡಿಸಿದ್ದರು. ಆದರೆ ಕ್ವಿಬೆಕ್ಕಿನ ಮೆತ್ತನೆಯ ಆಳವಾದ ಹಿಮದಲ್ಲಿ ಹಗುರವಾಗಿಯೂ ನಂಬಿಕೆಗೆ ತಕ್ಕದ್ದಾಗಿಯೂ ಓಡುವ ವಾಹನ ಅರ್ಮಾಂ ಅವರ ಹಳ್ಳಿಗರಿಗೆ ದೊರೆತಿರಲಿಲ್ಲ.

ತೊಡಕು ಇರುವುದು ಭಾರದ ಹಂಚಿಕೆಯಲ್ಲಿ. ಕಾರಿನ ಇಡೀ ತೂಕ ನಾಲ್ಕು ಚಕ್ರಗಳ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಚಕ್ರ ಹಿಮದಲ್ಲಿ ಹೂತು, ತಿರುಗಿದಷ್ಟೂ ಆಳಕ್ಕಿಳಿಯುತ್ತದೆ. ಅದೇ ತೂಕವನ್ನು ಉದ್ದವೂ ಅಗಲವೂ ಆದ ಪಟ್ಟೆಯ ಮೇಲೆ ಹರಡಿದರೆ ವಾಹನ ಹಿಮದ ಮೇಲೆಯೇ ನಿಲ್ಲುತ್ತದೆ. ಪಟ್ಟೆಯೆಂದರೆ ವಾಹನವು ತನ್ನ ರಸ್ತೆಯನ್ನು ತಾನೇ ಹಾಸಿಕೊಳ್ಳುತ್ತ, ಸುತ್ತಿಕೊಳ್ಳುತ್ತ ಸಾಗುವ ಉಪಾಯ. ಆದರೆ ಕಬ್ಬಿಣದ ಪಟ್ಟೆ ಬಲು ಭಾರ. ರಬ್ಬರಿನ ಪಟ್ಟೆ ಹಗುರವಾದರೂ ಚಕ್ರದ ಮೇಲೆ ಜಾರುತ್ತಿತ್ತು. ಸಂದುಗಳಲ್ಲಿ ಹಿಮ ಸೇರಿ ಗಡ್ಡೆಕಟ್ಟುತ್ತಿತ್ತು.

1934ರ ಚಳಿಗಾಲ

ಈ ತೊಡಕು ಬಗೆಹರಿಯುವ ಮುನ್ನವೇ ಮನೆಯ ಮೇಲೆ ಸಿಡಿಲೆರಗಿತು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಈವೋನಿಗೆ ಹೊಟ್ಟೆಯೊಳಗಿನ ಉರಿಯೂತ ಉಲ್ಬಣಿಸಿತು. ಕೂಡಲೇ ಶಸ್ತ್ರಚಿಕಿತ್ಸೆಯಾಗದೆ ಬದುಕುವಂತಿರಲಿಲ್ಲ. ಆಸ್ಪತ್ರೆಯಿದ್ದುದು ಸುಮಾರು ಐವತ್ತು ಕಿಲೋಮೀಟರ್ ದೂರದ ಶೆರ್ಬ್ರೂಕಿನಲ್ಲಿ. ನಡುವಿನ ರಸ್ತೆಯೆಲ್ಲ ಹಿಮದಡಿ ಹೂತುಹೋಗಿತ್ತು. ಗ್ಯಾರೇಜಿನಲ್ಲಿದ್ದ ಹಿಮವಾಹನ ಓಡುವ ಸ್ಥಿತಿಯಲ್ಲಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಹಿಮದ ಮೇಲೆ ಬಂಡಿ ಓಡಿಸಿದ್ದವರು, ಸೀಮೆಯಲ್ಲೇ ಜಾಣ ಮೆಕ್ಯಾನಿಕ್ ಎನಿಸಿದ್ದವರು, ತಮ್ಮ ಮಗುವನ್ನು ಮನೆಯ ಹೊಸಿಲಿನಾಚೆಗೆ ಕೊಂಡೊಯ್ಯಲಾರದೆ ಹೋದರು. ಮಗು ತೀರಿಕೊಂಡಿತು.

ಆವರೆಗೆ ಹವ್ಯಾಸವೂ ಪ್ರಯೋಗವೂ ಆಗಿದ್ದ ಕೆಲಸದ ತೂಕ ಅಂದಿನಿಂದ ಬೇರೆಯಾಯಿತು. ಓಡಿದರೆ ಸಾಲದು, ಕರೆದಾಗ ಓಡಬೇಕು. ಒಬ್ಬನನ್ನಲ್ಲ, ಮಲಗಿದ ರೋಗಿಯನ್ನೂ ಅವನ ಮನೆಯವರನ್ನೂ ಚಳಿ ತಾಗದಂತೆ ಒಯ್ಯಬೇಕು. ಮುಂದೆ ಸಿದ್ಧವಾದ ವಾಹನವು ಇದಕ್ಕೆ ಸರಿಯಾಗಿಯೇ ಇತ್ತು.

ಹಲ್ಲುಚಕ್ರದ ಗುಟ್ಟು

1935ರ ಸುಮಾರಿಗೆ ಪರಿಹಾರ ಕೈಗೂಡಿತು. ಎರಡು ರಬ್ಬರ್ ಬೆಲ್ಟುಗಳನ್ನು ಉಕ್ಕಿನ ಅಡ್ಡಪಟ್ಟಿಗಳಿಂದ ಜೋಡಿಸಿ ಏಣಿಯಂತಹ ಪಟ್ಟೆಯನ್ನು ಮಾಡಿದರು. ಅದನ್ನು ತಿರುಗಿಸಲು ರಬ್ಬರಿನ ಹೊದಿಕೆಯುಳ್ಳ ಹಲ್ಲುಚಕ್ರವನ್ನಿಟ್ಟರು. ಚಕ್ರದ ಹಲ್ಲು ಏಣಿಯ ಮೆಟ್ಟಿಲನ್ನು ಹಿಡಿದು ಎಳೆಯುವುದರಿಂದ ಪಟ್ಟೆ ಜಾರುವಂತಿಲ್ಲ. ರಬ್ಬರಿಗೆ ಹಿಮ ಗಟ್ಟಿಯಾಗಿ ಅಂಟುವಂತಿಲ್ಲ. ಮುಂದೆ ದಿಕ್ಕು ತಿರುಗಿಸಲು ಎರಡು ಜಾರುಹಲಗೆ, ಹಿಂದೆ ತಳ್ಳಲು ಎರಡು ಪಟ್ಟೆ. ನೋಡಲು ಸರಳವಾದ ಈ ಏರ್ಪಾಡಿಗೆ 1937ರ ಜೂನ್ ತಿಂಗಳಲ್ಲಿ ಕೆನಡಾ ಸರಕಾರದಿಂದ ಪೇಟೆಂಟ್ ದೊರೆಯಿತು.

ಇದನ್ನಳವಡಿಸಿದ ಮೊದಲ ವಾಹನದ ಹೆಸರು ಬಿ-7. ಬಿ ಎಂದರೆ ಬೊಂಬಾರ್ಡಿಯೆ. ಏಳು ಎಂದರೆ ಏಳು ಮಂದಿಗೆ ಸ್ಥಳ. ಮೈಯೆಲ್ಲ ಹಗುರವಾದ ಪ್ಲೈವುಡ್. ಎಂಜಿನು ಹಿಂದೆ, ಜನ ಮುಚ್ಚಿದ ಕೋಣೆಯೊಳಗೆ ಬೆಚ್ಚಗೆ. ಕೊಂಡವರು ಯಾರು? ಹಿಮದಲ್ಲಿಯೂ ಮನೆಯಲ್ಲಿ ಕುಳಿತಿರಲಾಗದ ಕಸುಬಿನವರು: ಹಳ್ಳಿಯ ವೈದ್ಯರು, ಪಾದ್ರಿಗಳು, ಅತಿಥಿಗಳನ್ನು ಕರೆತರಬೇಕಾದ ಹೋಟೆಲಿನವರು. ಬೇಡಿಕೆ ಬೆಳೆದು 1940ರಲ್ಲಿ ವಾಲ್ಕೂರಿನಲ್ಲಿ ವರ್ಷಕ್ಕೆ 200 ವಾಹನ ತಯಾರಿಸಬಲ್ಲ ಕಾರ್ಖಾನೆ ಎದ್ದಿತು. ಅದರ ಮರುವರ್ಷ ಹನ್ನೆರಡು ಮಂದಿ ಕೂರುವ, ಗುಂಡು ಕಿಟಕಿಗಳ ಬಿ-12 ಬಂದಿತು. ಟಪಾಲು ಸಾಗಿಸಲು, ಮಕ್ಕಳನ್ನು ಶಾಲೆಗೆ ಒಯ್ಯಲು, ರೋಗಿಗಳನ್ನು ಆಸ್ಪತ್ರೆಗೆ ಸೇರಿಸಲು ಅದೇ ಆಧಾರವಾಯಿತು. ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿಯೂ ಪಟ್ಟೆವಾಹನಗಳನ್ನು ಕಟ್ಟಿಕೊಟ್ಟರು. 1942ರಲ್ಲಿ ಉದ್ಯಮವು ಕಂಪೆನಿಯಾಗಿ ನೋಂದಣಿಯಾಯಿತು.

ರಸ್ತೆ ತೆರೆಯಿತು, ವ್ಯಾಪಾರ ಕುಸಿಯಿತು

1948ರಲ್ಲಿ ಕ್ವಿಬೆಕ್ ಸರಕಾರವು ಚಳಿಗಾಲದಲ್ಲಿ ಹಳ್ಳಿಯ ರಸ್ತೆಗಳ ಹಿಮವನ್ನೂ ತೆಗೆಸಲು ನಿರ್ಧರಿಸಿತು. ಹದಿನಾಲ್ಕು ವರ್ಷಗಳ ಹಿಂದೆ ಇದೊಂದು ಏರ್ಪಾಡು ಇದ್ದಿದ್ದರೆ ಈವೋ ಆಸ್ಪತ್ರೆ ಸೇರುತ್ತಿದ್ದನು. ಆದರೆ ಈಗ ಅದೇ ಒಳಿತು ತಂದೆಯ ಉದ್ಯಮಕ್ಕೆ ಪೆಟ್ಟಾಗಿ ಬಂದಿತು. ರಸ್ತೆ ತೆರೆದ ಮೇಲೆ ಹಿಮವಾಹನ ಯಾರಿಗೆ ಬೇಕು? ಮಾರಾಟ ಕುಸಿಯಿತು.

ಬೊಂಬಾರ್ಡಿಯೆ ಸರಕಾರದೊಡನೆ ಜಗಳಕ್ಕೆ ನಿಲ್ಲದೆ, ರಸ್ತೆ ಎಂದೂ ಬರಲಾರದ ನೆಲವನ್ನು ಹುಡುಕಿದರು. ರೈತರ ಟ್ರ್ಯಾಕ್ಟರು ಕೆಸರಿನಲ್ಲಿ ಹೂಳದಂತೆ ಅದರ ಚಕ್ರಕ್ಕೆ ತೊಡಿಸುವ ಪಟ್ಟೆಯನ್ನು ಮಾಡಿದರು. ಕಾಡಿನಿಂದ ಮರ ಸಾಗಿಸುವ ಯಂತ್ರಗಳನ್ನು ಮಾಡಿದರು. 1953ರಲ್ಲಿ ಬಂದ ಮಸ್ಕೆಗ್ ಟ್ರ್ಯಾಕ್ಟರು ಜೌಗುನೆಲದಲ್ಲಿ ಭಾರ ಹೊತ್ತು ಓಡಿತು. ತೈಲ ಶೋಧಕರೂ ವಿದ್ಯುತ್ ತಂತಿ ಎಳೆಯುವವರೂ ಅದನ್ನು ಕೊಂಡರು. ವಿವಿಯನ್ ಫುಕ್ಸ್ ನೇತೃತ್ವದಲ್ಲಿ 1957-58ರಲ್ಲಿ ದಕ್ಷಿಣ ಧ್ರುವಖಂಡವನ್ನು ದಾಟಿದ ತಂಡದ ವಾಹನಗಳಲ್ಲಿ ಒಂದು ಮಸ್ಕೆಗ್ ಕೂಡ ಇತ್ತು.

ಇಷ್ಟಾದರೂ ಬಾಲ್ಯದ ಆಸೆಯೊಂದು ಉಳಿದಿತ್ತು: ಒಬ್ಬಿಬ್ಬರು ಏರಿ ಹೋಗಬಲ್ಲ ಪುಟ್ಟ ಹಿಮವಾಹನ. ಆ ಕಾಲದ ಎಂಜಿನುಗಳ ಭಾರವೇ ಅದಕ್ಕೆ ಅಡ್ಡಿಯಾಗಿತ್ತು. 1950ರ ದಶಕದ ಕೊನೆಗೆ ಹಗುರ ಎಂಜಿನುಗಳು ದೊರೆಯತೊಡಗಿದವು. ಹಿರಿಯ ಮಗ ಜೆರ್ಮೇನನ ನೆರವಿನಿಂದ ಒಂದೇ ತುಂಡಿನ, ಬೆಸುಗೆಯಿಲ್ಲದ ಅಗಲ ರಬ್ಬರ್ ಪಟ್ಟೆಯೂ ಸಿದ್ಧವಾಯಿತು. 1959ರಲ್ಲಿ ಸ್ಕೀ-ಡೂ ಹೊರಬಂದಿತು. ನಾಯಿಗಳು ಎಳೆಯುವ ಬಂಡಿಯ ಬದಲು ಇದು ಎಂಬ ಭಾವದಿಂದ ಮೊದಲಿಟ್ಟ ಹೆಸರು ಸ್ಕೀ-ಡಾಗ್. ಉತ್ತರದ ಒಂಟಿ ನೆಲೆಗಳ ಬೇಟೆಗಾರರನ್ನೂ ಪಾದ್ರಿಗಳನ್ನೂ ಮನಸ್ಸಿನಲ್ಲಿಟ್ಟು ಮಾಡಿದ ವಾಹನವದು. ಮೊದಲ ಬಂಡಿಗಳಲ್ಲೊಂದು ಹೋದದ್ದೂ ಉತ್ತರ ಒಂಟಾರಿಯೋದ ಪಾದ್ರಿಯೊಬ್ಬರಿಗೆ. ಆದರೆ ಪಟ್ಟಣದ ಜನ ಅದನ್ನು ಆಟದ ವಾಹನವಾಗಿಯೂ ಒಲಿದು ಕೊಂಡರು. ಹಿಮದ ನಾಡಿನಲ್ಲಿ ಚಳಿಗಾಲವೆಂಬುದು ಸೆರೆವಾಸವಾಗಿರುವುದು ತಪ್ಪಿ ವಿಹಾರದ ಋತುವೂ ಆಯಿತು.

ಆ ವೈಭವವನ್ನು ಪೂರ್ಣವಾಗಿ ಕಾಣುವ ಯೋಗ ಅವರಿಗಿರಲಿಲ್ಲ. 1964ನೆಯ ಇಸವಿ ಫೆಬ್ರವರಿ 18ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ರೋಗದಿಂದ ಅವರು ಕಾಲವಾದರು. ನಲವತ್ತಕ್ಕೂ ಹೆಚ್ಚು ಪೇಟೆಂಟುಗಳು ಅವರ ಹೆಸರಿನಲ್ಲಿದ್ದವು. ರೈಲು, ವಿಮಾನಗಳೆಲ್ಲ ಕಂಪೆನಿಗೆ ಬಂದದ್ದು ಅವರ ತರುವಾಯ.

ವಾಲ್ಕೂರಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. 1926ರ ಆ ಹಳೆಯ ಗ್ಯಾರೇಜನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ದೊಡ್ಡ ವಿದ್ಯಾಲಯದ ಪದವಿಯಾಗಲಿ ಶ್ರೀಮಂತರ ಆಸರೆಯಾಗಲಿ ಇಲ್ಲದೆ, ಹಳೆಯ ಕಾರುಗಳ ಬಿಡಿಭಾಗಗಳಿಂದ ಒಬ್ಬ ದುಡಿಮೆಗಾರ ಏನನ್ನು ಸಾಧಿಸಬಹುದೆಂಬುದಕ್ಕೆ ಆ ಕೋಣೆ ಸಾಕ್ಷಿ. ಅಲ್ಲಿ ಸಿದ್ಧವಾದ ವಾಹನ ಕಟ್ಟಿದವರ ಮನೆಗೆ ಒಂದೆರಡು ವರ್ಷ ತಡವಾಗಿ ಬಂದಿತು. ಆದರೆ ಆ ಬಳಿಕ ಹಿಮದಲ್ಲಿ ಸಿಲುಕಿದ ಎಷ್ಟೋ ಮನೆಗಳ ಬಾಗಿಲಿಗೆ ಅದು ಹೊತ್ತಿಗೆ ಸರಿಯಾಗಿ ಹೋಗಿ ನಿಂತಿತು.